ಗಾಯದ ಮೇಲಿಂದ ತೆಗೆದ ಕೈ

ವಿಶಾಲಾಕ್ಷಮ್ಮನವರ ತೋಳಿನಿಂದ ರಕ್ತ ಸುರಿಯುತ್ತಿದ್ದಾಗ ಅದನ್ನು ಒತ್ತಿ ಹಿಡಿದವನು ನಾನು. ಆ ಕೈಯನ್ನು ನಡುವೆ ತೆಗೆದವನೂ ನಾನೇ. ಮೊದಲನೆಯದು ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಗೊತ್ತು. ಎರಡನೆಯದು ಇಷ್ಟು ವರ್ಷ ನನಗೆ ಮತ್ತು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ವಿಶಾಲಾಕ್ಷಮ್ಮನವರಿಗೂ ಗೊತ್ತಿತ್ತು — ಅವರು ಈಗ ಇಲ್ಲ.

ಏಕೆ ತೆಗೆದೆ? ನಡುರಸ್ತೆಯಲ್ಲಿ ನಾನು ಒಡೆದಿದ್ದ ಬೂದುಗುಂಬಳಕಾಯಿಯ ಹೋಳುಗಳನ್ನು, ಯಾರಾದರೂ ಇದು ಯಾರದೆಂದು ಕೇಳುವ ಮೊದಲು, ಚರಂಡಿಗೆ ತಳ್ಳುವುದಕ್ಕೆ. ಇಷ್ಟೇ ವಿಷಯ. ಬರೆದು ನೋಡಿದರೆ ಎರಡು ಸಾಲು ಕೂಡ ಆಗುವುದಿಲ್ಲ. ಇದನ್ನು ಬಾಯಿಬಿಡುವುದಕ್ಕೆ ನನಗೆ ವರ್ಷಗಳೇ ಬೇಕಾದವು. ಥೂ, ಎಂಥ ಜನ್ಮ ನನ್ನದು.

ನಾನು ಬೋರೇಗೌಡ, ಪುಸ್ತಕ ಬೈಂಡಿಂಗ್ ಕೆಲಸದವನು. ನಮ್ಮಪ್ಪ ಮಾಗಡಿ ಕಡೆಯ ಹೊಲ ಬಿಟ್ಟು ಬಂದು ಮಾಮೂಲ್‌ಪೇಟೆಯ ಕಾಗದದ ಅಂಗಡಿಯಲ್ಲಿ ಮೂಟೆ ಹೊತ್ತ. ಆಮೇಲೆ ಚಾಮರಾಜಪೇಟೆಯಲ್ಲಿ ಒಂದು ಶೆಡ್ಡು ಹಿಡಿದು, ಹಳೆಯ ಕಟಿಂಗ್ ಮಿಷನ್ನೊಂದನ್ನು ತಂದು ಕೂರಿಸಿದ. ಆ ಮಿಷನ್ನು ಇವತ್ತಿಗೂ ಇದೆ. ಒಂದು ರೀಮು ಕಾಗದವನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಬೆರಳು ಸಿಕ್ಕರೆ ಅದನ್ನೂ ಹಾಗೆಯೇ ಕತ್ತರಿಸುತ್ತದೆ.

ಹಾಗೆ ಒಂದು ಸಲ ನಮ್ಮಲ್ಲಿ ಕೆಲಸಕ್ಕಿದ್ದ ಸಿದ್ದರಾಜುವಿನ ಬೆರಳ ತುದಿ ಹೋಯಿತು. ನಾವು ಏನು ಮಾಡಿದೆವು ಎಂದುಕೊಂಡಿರಿ? ಒಬ್ಬ ಬೈಂಡಿಂಗ್ ದಾರ ಬಿಗಿದ, ಒಬ್ಬ ಕಾಫಿಪುಡಿ ಮೆತ್ತಿದ, ನಾನು ಯಜಮಾನ ಅನ್ನಿಸಿಕೊಂಡವನು ಟೇಬಲ್ಲು ಹಿಡಿದುಕೊಂಡು ತಲೆ ತಿರುಗಿ ಕೂತೆ. ಬೆರಳ ಗಾಯವಾದ್ದರಿಂದ ಅವನು ಬಚಾವಾದ. ಆಮೇಲೆ ನಮ್ಮ ಸುತ್ತಲಿನ ವರ್ಕ್‌ಶಾಪಿನವರೆಲ್ಲ ಸೇರಿ, ಒಂದು ಶಾಲೆಯ ಹಾಲಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಇಡಿಸಿದೆವು. ಮುಂದಿನ ಸಾಲಿನಲ್ಲೇ ಕೂತಿದ್ದೆ. ನಾಚಿಕೆಯಾಗಿತ್ತಲ್ಲ.

ಹೇಳಿಕೊಡಲು ಬಂದಿದ್ದ ನರ್ಸಮ್ಮ ಬಲು ಗಟ್ಟಿಗಿತ್ತಿ. ಅವರ ಮಾತು ನನಗೆ ಇನ್ನೂ ಬಾಯಿಪಾಠ — "ಪುಡಿ ಗಿಡಿ ಏನೂ ಹಾಕ್ಬೇಡ್ರಿ. ರಕ್ತ ನಿಲ್ಸೋದು ನಿಮ್ ಕೈ. ಶುದ್ಧವಾಗಿರೋ ಬಟ್ಟೆ ಮಡಚಿ ಗಾಯದ ಮೇಲಿಡಿ, ಅಂಗೈಲಿ ಭಾರ ಹಾಕಿ ಒತ್ತಿ. ಬಟ್ಟೆ ನೆಂದ್ರೆ ಅದನ್ನ ತೆಗೀಬೇಡಿ, ಅದರ ಮೇಲೇ ಇನ್ನೊಂದು ಇಡಿ. ನಿಂತಿದೆಯೋ ಇಲ್ವೋ ನೋಡೋಣ ಅಂತ ಎತ್ತಿದ್ರೋ, ಹೆಪ್ಪುಗಟ್ತಿದ್ದದ್ದೆಲ್ಲ ಕಿತ್ತು ಬರತ್ತೆ, ಮೊದಲಿಂದ ಶುರು. ನಿಮ್ ಮನೇಗೆ ಬೆಂಕಿ ಬಿದ್ರೂ ಕೈ ತೆಗೀಬೇಡಿ!" ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಗಾಯದಲ್ಲಿ ಗಾಜು ಚುಚ್ಚಿಕೊಂಡಿದ್ದರೆ ಕೀಳಬಾರದು, ಸುತ್ತ ಒತ್ತಬೇಕು ಎಂದರು. ಕೈಯೋ ಕಾಲೋ ಆಗಿದ್ದು, ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಮಾತ್ರ ಗಾಯದಿಂದ ಮೇಲಕ್ಕೆ ಅಗಲ ಬಟ್ಟೆ ಕಟ್ಟಿ, ಕೋಲು ಸಿಕ್ಕಿಸಿ ತಿರುಚಿ ಬಿಗಿಯಬೇಕು, ಕಟ್ಟಿದ ಹೊತ್ತನ್ನು ನೆನಪಿಡಬೇಕು. ಒಬ್ಬರ ತೋಳನ್ನು ಇನ್ನೊಬ್ಬರು ಹಿಡಿದು ಅಭ್ಯಾಸ ಮಾಡಿದೆವು. ನನ್ನ ಸರದಿ ಬಂದಾಗ ನರ್ಸಮ್ಮ "ಹಾಂ, ಗೌಡ್ರು ಸರಿಯಾಗಿ ಹಿಡ್ದಿದಾರೆ, ಎಲ್ರೂ ನೋಡ್ರಿ" ಎಂದರು. ನಾನು ಉಬ್ಬಿಹೋದೆ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳುತ್ತಿರುವುದು — ನನಗೆ ಗೊತ್ತಿರಲಿಲ್ಲ ಎಂದು ಯಾರೂ ನನ್ನ ಪರವಾಗಿ ವಾದ ಮಾಡಬಾರದಲ್ಲ, ಅದಕ್ಕೆ.

ಆ ವರ್ಷದ ಆಯುಧಪೂಜೆ. ಕೊರೊನಾ ಬರುವುದಕ್ಕೆ ಮುಂಚಿನ ಮಾತು. ಮಿಷನ್ನುಗಳನ್ನೆಲ್ಲ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದೆವು. ಶಟರಿನ ಎರಡೂ ಕಡೆ ಬಾಳೆಕಂದು. ಮಂಗಳಾರತಿಯಾಯಿತು, ಹುಡುಗರಿಗೆ ಕಡ್ಲೆಪುರಿ, ಸಿಹಿ ಹಂಚಿದ್ದಾಯಿತು. ಕೊನೆಗೆ ಬೂದುಗುಂಬಳಕಾಯಿ. ತಲೆ ಕೊರೆದು, ಒಳಗೆ ಕುಂಕುಮದ ನೀರು ತುಂಬಿ, ಚಿಲ್ಲರೆ ಹಾಕಿ, ಮೇಲೆ ಕರ್ಪೂರ ಹಚ್ಚಿ, ಅಂಗಡಿಗೆ ಮೂರು ಸುತ್ತು ನಿವಾಳಿಸಿ ಒಡೆಯುವುದು. ಎಲ್ಲರೂ ಅವರವರ ಬಾಗಿಲಲ್ಲಿ, ರಸ್ತೆಯ ಅಂಚಿನಲ್ಲಿ ಒಡೆದಿದ್ದರು. ನನಗೆ ಅಷ್ಟು ಸಾಲದು. ಆ ವರ್ಷ ಒಳ್ಳೆಯ ವ್ಯಾಪಾರ, ಕಣ್ಣು ಬಿದ್ದಿದೆ ಎಂದು ನನ್ನ ಲೆಕ್ಕ. ಇರುವುದರಲ್ಲೇ ದೊಡ್ಡ ಕಾಯಿ ತಂದಿದ್ದೆ. ಎರಡು ಕೈಯಲ್ಲಿ ಎತ್ತಿಕೊಂಡು ನಡುರಸ್ತೆಗೆ ಹೋಗಿ, ಎತ್ತಿ ಅಪ್ಪಳಿಸಿದೆ. ನಮ್ಮ ಹುಡುಗರು "ಓಹೋ" ಎಂದರು. ಕುಂಕುಮದ ನೀರು ರಸ್ತೆಯ ಆಚೆ ಬದಿಗೆ ಹಾರಿತು.

ನನ್ನ ಹೆಂಡತಿ ಜಯಮ್ಮ ಅಲ್ಲೇ ನಿಂತಿದ್ದಳು. "ರೀ, ಗಾಡಿಗಳು ಓಡಾಡ್ತವೆ, ಓರೆಗಾದ್ರೂ ತಳ್ಳಿ" ಎಂದಳು.

"ದೃಷ್ಟಿ ತೆಗ್ದಿದ್ದನ್ನ ಮನೆಯೋರು ಮುಟ್ಟಬಾರ್ದು ಕಣೆ. ನಮ್ಗೇ ವಾಪಸ್ ಬರತ್ತೆ," ಎಂದೆ.

ನಮ್ಮಲ್ಲಿ ಹಾಗೇ ತಾನೆ. ಒಡೆದದ್ದನ್ನು ತಿರುಗಿ ಕೂಡ ನೋಡುವುದಿಲ್ಲ. ಯಾರೋ ತುಳಿಯಲಿ, ಯಾರೋ ಬಳಿಯಲಿ, ಬೆಳಿಗ್ಗೆ ಪೌರಕಾರ್ಮಿಕರು ಬರುತ್ತಾರಲ್ಲ, ಅವರು ಎತ್ತಲಿ. ನಮ್ಮ ಮೇಲಿನ ಕೆಟ್ಟದ್ದು ಅವರ ಮೇಲೆ ಹೋದರೆ ಹೋಗಲಿ ಎಂದು ತಾನೆ ಅದರ ಅರ್ಥ? ಯೋಚಿಸಿರಲಿಲ್ಲ. ಯೋಚಿಸುವ ಜನವೇ ಅಲ್ಲ ನಾವು.

ಜಯಮ್ಮ ಅಂಗಡಿಯ ಹಿಂದಿನ ನಮ್ಮ ಮನೆಯೊಳಗೆ ಹೋದಳು. ಹುಡುಗರು ಮನೆಗೆ ಹೊರಟರು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಸಂಜೆಯ ಬಿಸಿಲು ಇನ್ನೂ ಇತ್ತು. ವಿಶಾಲಾಕ್ಷಮ್ಮ ಸ್ಕೂಟರಿನಲ್ಲಿ ಬಂದರು. ಪಕ್ಕದ ಕ್ರಾಸಿನವರು, ಬ್ಯಾಂಕಿನಲ್ಲಿ ಕೆಲಸ. ಒಂದೆರಡು ಸಲ ಮನೆಯ ಪುಸ್ತಕಗಳನ್ನು ಬೈಂಡಿಗೆ ತಂದು ಕೊಟ್ಟಿದ್ದರು. ಅಷ್ಟೇ ಪರಿಚಯ. ಮುಂದೆ ಕಾಲಿನ ಹತ್ತಿರ ಹೂವಿನ ಚೀಲ, ಬಾಳೆಹಣ್ಣು. ಸ್ವಲ್ಪ ಜೋರಾಗಿಯೇ ಬಂದರು. ನನ್ನ ಕಾಯಿಯ ದೊಡ್ಡ ಹೋಳಿನ ಮೇಲೆ ಮುಂದಿನ ಚಕ್ರ ಹತ್ತಿತು. ನಾನು ನೋಡುತ್ತಲೇ ಇದ್ದೆ. ಗಾಡಿ ಜಾರಿ ಮಲಗಿಕೊಂಡಿತು, ಅವರು ಅದರ ಜೊತೆಗೇ ಎಳೆದುಕೊಂಡು ಹೋದರು.

ಎದ್ದು ಓಡಿದೆ. ಸುತ್ತ ಎಲ್ಲ ಕೆಂಪು. ಸೀರೆ ಕೆಂಪು, ಕೈ ಕೆಂಪು, ರಸ್ತೆ ಕೆಂಪು. ಸೇರಿದ ನಾಲ್ಕು ಜನರಲ್ಲಿ ಯಾರೋ "ಏನಾಗಿಲ್ಲ ಬಿಡಿ, ಕುಂಕುಮ" ಎಂದರು. ವಿಶಾಲಾಕ್ಷಮ್ಮನವರೇ, ಪಾಪ, ಎದ್ದು ಕೂತು "ಕುಂಕುಮ ಅಲ್ವಾ ಇದು? ಸೀರೆ ಹಾಳಾಯ್ತು" ಎಂದರು. ನನಗೂ ಹಾಗೇ ಕಂಡಿತು. ಹಾಗೇ ಕಾಣಲಿ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. ಎಲ್ಲರೂ ನಿಂತು ನೋಡುತ್ತಿದ್ದೆವು, ಗಾಡಿ ಎತ್ತುವ ಮಾತಾಡುತ್ತಿದ್ದೆವು. ಆಮೇಲೆ ನೋಡುತ್ತೇನೆ, ಎಡತೋಳಿನ ಒಳಗಡೆ, ಮೊಣಕೈ ಮೇಲೆ, ರವಿಕೆಯ ತೋಳು ಮುಗಿಯುವಲ್ಲಿ, ಆ ಕೆಂಪು ಚಿಮ್ಮುತ್ತಿದೆ. ತಡೆದು ತಡೆದು ಚಿಮ್ಮುತ್ತಿದೆ. ಗಾಡಿಯ ಕನ್ನಡಿ ಒಡೆದು ಅದರ ಚೂರು ಸೀಳಿಕೊಂಡು ಹೋಗಿತ್ತು. ಕುಂಕುಮ ಎಲ್ಲಾದರೂ ಚಿಮ್ಮುತ್ತದೆಯೇ.

ಹೆಗಲ ಮೇಲಿನ ಹೊಸ ಟವಲ್ಲು ಮಡಚಿ ಗಾಯದ ಮೇಲಿಟ್ಟೆ. ಅವರನ್ನು ಮಲಗಿಸಿದೆ. ಅಂಗೈಯೂರಿ, ತೋಳನ್ನು ಮೇಲೆತ್ತಿ, ಮೈಭಾರ ಹಾಕಿ ಒತ್ತಿದೆ. ಕಲಿತದ್ದು ಒಂದೂ ಮರೆತಿರಲಿಲ್ಲ. ಮತ್ತೆ — ದೇವರಾಣೆಗೂ ಹೇಳುತ್ತೇನೆ — ಅದು ನಿಂತಿತು. ನನ್ನ ಅಂಗೈಯ ಕೆಳಗೆ ಆ ಚಿಮ್ಮುವುದು ನಿಂತದ್ದು ನನಗೆ ಗೊತ್ತಾಯಿತು. ಟವಲ್ಲು ಪೂರ್ತಿ ನೆನೆಯಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಉಸಿರು ಸಮನಾಗಿತ್ತು. ಯಾರೋ ಆಟೋ ತರಲು ಓಡಿದರು. ಹಬ್ಬದ ದಿನ, ಆಟೋದವರೆಲ್ಲ ಪೂಜೆಯಲ್ಲಿ. ಇರಲಿ, ಸ್ವಲ್ಪ ತಡವಾದರೂ ನಾನು ಹಿಡಿದುಕೊಂಡಿರುತ್ತೇನಲ್ಲ ಎಂದುಕೊಂಡೆ.

ಅಷ್ಟರಲ್ಲಿ ಬೈಕಿನಲ್ಲಿ ಬಂದವನೊಬ್ಬ ನಿಂತು ರಸ್ತೆ ನೋಡಿ ಕೂಗಿದ. "ಯಾವನ್ ಗುರು ಇದನ್ನ ನಡುರಸ್ತೇಲಿ ಒಡ್ದಿರೋದು? ಹಿಡ್ದು ಪೊಲೀಸ್ಗೆ ಕೊಡ್ಬೇಕು ಇವರ್ನ. ಕೇಸ್ ಆದ್ರೆ ಗೊತ್ತಾಗತ್ತೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ಕೇಳಿ ಎಷ್ಟು ನಕ್ಕಿದ್ದೇನೆ ನಾನು! ಆ ಮನುಷ್ಯ ನನ್ನ ಕಡೆ ನೋಡಿ ಕೂಡ ಹೇಳಿರಲಿಲ್ಲ. ಆದರೆ ನನ್ನ ಕಣ್ಣು ಹೋದದ್ದು ಆ ದೊಡ್ಡ ಹೋಳಿನ ಕಡೆಗೆ. ಟೈರಿನ ಗುರುತು ಅದರ ಮೇಲೆ ಅಚ್ಚೊತ್ತಿದ ಹಾಗಿತ್ತು, ಅದು ಬಿದ್ದಿದ್ದು ನನ್ನ ಅಂಗಡಿಗೆ ಸರಿಯಾಗಿ ಎದುರು. ಇನ್ನೇನು ಪೊಲೀಸರು ಬರುತ್ತಾರೆ, ಜೈಲು, ಅಂಗಡಿಗೆ ಬೀಗ, ಊರಲ್ಲಿ ಮಾನ… ಏನೇನೋ ಓಡಿತು ತಲೆಯಲ್ಲಿ. ಗದ್ದಲ ಕೇಳಿ ಜಯಮ್ಮ ಹೊರಗೆ ಬಂದಿದ್ದಳು. "ಜಯಾ, ಇಲ್ಲಿ ಬಾ, ಇದನ್ನ ಹಿಡ್ಕೋ" ಎಂದೆ. ಹೇಗೆ ಹಿಡಿಯಬೇಕು ಎಂದು ಹೇಳಲಿಲ್ಲ. ತರಬೇತಿಯಿಂದ ಬಂದ ದಿನ ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆನೇ ಹೊರತು ಅವಳಿಗೆ ಏನನ್ನೂ ಕಲಿಸಿರಲಿಲ್ಲ. ರಕ್ತ ಕಂಡರೆ ಅವಳ ಜೀವ ಬಾಯಿಗೆ ಬರುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಕೈ ತೆಗೆದೆ. ಎದ್ದೆ.

ವಿಶಾಲಾಕ್ಷಮ್ಮ ಕೇಳಿದರು — "ಗೌಡ್ರೇ, ಎಲ್ಲಿಗ್ ಹೋಗ್ತಿದೀರಾ?"

ಅಷ್ಟೇ. ಜೋರಾಗಿ ಅಲ್ಲ, ಹೆದರಿ ಅಲ್ಲ. ಪಕ್ಕದ ಮನೆಯವರು ಚೀಲ ಹಿಡಿದು ಹೊರಟವರನ್ನು ಕೇಳುವ ಹಾಗೆ ಕೇಳಿದರು. ಅವರು ಈ ಭೂಮಿಯ ಮೇಲೆ ಆಡಿದ ಕೊನೆಯ ಮಾತು ಅದು. ನನಗೆ ಆಗ ಅದು ತಿಳಿಯಲು ಹೇಗೆ ಸಾಧ್ಯ — ಬೇಡ, ಈ ಸಾಲು ಬೇಡ. ನೆಪ ಹೇಳುವುದಿಲ್ಲ ಎಂದು ಕೂತವನು ನಾನು.

"ದಾರಿ ಬಿಡಿ, ದಾರಿ ಬಿಡಿ, ಆಟೋ ಬರ್ಬೇಕು" ಎಂದು ಕೂಗುತ್ತಾ ಹೋಳುಗಳನ್ನು ಕಾಲಿನಲ್ಲಿ ಚರಂಡಿಗೆ ತಳ್ಳಿದೆ. ದೊಡ್ಡದು ಕಾಲಿಗೆ ಜಗ್ಗಲಿಲ್ಲ. ಬಗ್ಗಿ, ಅವರ ರಕ್ತ ಮೆತ್ತಿದ ಎರಡೂ ಕೈಯಲ್ಲಿ ಎತ್ತಿ ಹಾಕಿದೆ. ಮುಟ್ಟಬಾರದು ಎಂದಿದ್ದೆನಲ್ಲ ಬೆಳಿಗ್ಗೆಯಿಂದ ಶಾಸ್ತ್ರ ಹೇಳುತ್ತಿದ್ದ ಬಾಯಲ್ಲಿ — ಮುಟ್ಟಿದೆ. ಚಿಲ್ಲರೆ ಅಲ್ಲಲ್ಲಿ ಬಿದ್ದಿತ್ತು, ಅದನ್ನೂ ಚಪ್ಪಲಿಯಲ್ಲಿ ಒರೆಸಿ ಸರಿಸಿದೆ. ಜನ ನಾನು ರಸ್ತೆ ತೆರವು ಮಾಡುತ್ತಿದ್ದೇನೆ ಎಂದೇ ತಿಳಿದರು. ಒಬ್ಬರು ಸಹಾಯಕ್ಕೂ ಬಂದರು. ಎಷ್ಟು ಹೊತ್ತು ಹಿಡಿಯಿತು ಎಂದು ಮಾತ್ರ ಕೇಳಬೇಡಿ. ಒಂದೊಂದು ರಾತ್ರಿ ಅದು ಒಂದು ಉಸಿರಿನಷ್ಟು ಅನ್ನಿಸುತ್ತದೆ. ಒಂದೊಂದು ರಾತ್ರಿ ನಾನು ಆ ರಸ್ತೆಯನ್ನು ಬೆಳಗಿನವರೆಗೂ ಬಳಿಯುತ್ತಲೇ ಇರುತ್ತೇನೆ.

ತಿರುಗಿ ಬಂದಾಗ ಗಾಯದ ಮೇಲೆ ಯಾರ ಕೈಯೂ ಇರಲಿಲ್ಲ. ಜಯಮ್ಮ ಬರಿಯ ಬೆರಳ ತುದಿಯಲ್ಲಿ ಟವಲ್ಲು ಹಿಡಿದಿದ್ದಳಂತೆ. ಬೆಚ್ಚಗೆ ರಕ್ತ ಹತ್ತಿದ ಕೂಡಲೇ ಗಾಬರಿಯಾಗಿ ಕಾಫಿಪುಡಿ ತರಲು ಒಳಗೆ ಓಡಿದ್ದಳು. ಟವಲ್ಲು ಜಾರಿತ್ತು. ಎತ್ತಿ ಹಿಡಿದಿದ್ದ ತೋಳು ನೆಲಕ್ಕೆ ಬಿದ್ದಿತ್ತು. ರಸ್ತೆಯ ಮೇಲಿನ ಹೊಸ ಕೆಂಪು ಹಳೆಯ ಕೆಂಪನ್ನು ಸೇರಿ ಚರಂಡಿಯ ಕಡೆ ಹೊರಟಿತ್ತು. ನಾನು ಮತ್ತೆ ಒತ್ತಿದೆ, ಹುಚ್ಚನ ಹಾಗೆ ಒತ್ತಿದೆ, ನನ್ನ ಅಂಗಿ ಬಿಚ್ಚಿ ಮೇಲೆ ಇಟ್ಟು ಒತ್ತಿದೆ. ಅವರ ತುಟಿ ಬೆಳ್ಳಗಾಗಿತ್ತು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಆಟೋ ಬಂತು. ಆಸ್ಪತ್ರೆಯವರೆಗೂ ಕೈ ತೆಗೆಯಲಿಲ್ಲ. ಆಗ ತೆಗೆಯಲಿಲ್ಲ ನೋಡಿ.

ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ನನ್ನ ಕೈಯನ್ನು ಬಿಡಿಸಿ, "ಬಿದ್ದಾಗಿನಿಂದ ಹೀಗೇ ಒತ್ತಿ ಹಿಡ್ಕೊಂಡು ಬಂದ್ರಾ?" ಎಂದರು.

"ಹೂಂ" ಎಂದೆ.

ಆ ಒಂದು 'ಹೂಂ'ನಿಂದ ಎಲ್ಲ ಶುರುವಾಯಿತು. ಕತ್ತಲಾಗುವ ಹೊತ್ತಿಗೆ ಅವರು ಹೊರಗೆ ಬಂದು, ಬಹಳ ರಕ್ತ ಹೋಗಿಬಿಟ್ಟಿತ್ತು, ಉಳಿಸಲಾಗಲಿಲ್ಲ ಎಂದರು. ವಿಶಾಲಾಕ್ಷಮ್ಮನವರ ಯಜಮಾನರು ಮೂರ್ತಿಗಳು ಅಷ್ಟರಲ್ಲಿ ಬಂದಿದ್ದರು. ಪೂಜೆಗೆ ಉಟ್ಟಿದ್ದ ಪಂಚೆಯಲ್ಲೇ ಬಂದಿದ್ದರು. ಡಾಕ್ಟರು ನನ್ನತ್ತ ಕೈ ತೋರಿಸಿ, "ಇವರು ಮಾಡೋದೆಲ್ಲ ಮಾಡಿದಾರೆ" ಎಂದರು. ಮೂರ್ತಿಗಳು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಇನ್ನೂ ತೊಳೆದಿರಲಿಲ್ಲ. "ಏನಾದ್ರೂ ಅಂದ್ಲಾ ಗೌಡ್ರೇ? ಕೊನೇಲಿ ಏನಾದ್ರೂ ಅಂದ್ಲಾ?"

ಏನು ಹೇಳಲಿ ಅವರಿಗೆ? "'ನಮ್ಮನೆಯವ್ರು ಬಂದ್ರಾ' ಅಂತ ಕೇಳಿದ್ರು ಸಾರ್. ನಿಮ್ಮನ್ನೇ ಕೇಳ್ತಿದ್ರು," ಎಂದೆ. ಎಷ್ಟು ಸಲೀಸಾಗಿ ಬಂತು ಅದು ಬಾಯಿಗೆ! ಅವರ ಕಣ್ಣಲ್ಲಿ ನೀರು ಬಂತು, ತಲೆಯಾಡಿಸಿದರು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದೇ ಆಗ ಅಂದುಕೊಂಡೆ.

ಕುಂಬಳಕಾಯಿ ಯಾರದೆಂದು ಯಾರೂ ಕೇಳಲಿಲ್ಲ. ಹಬ್ಬದ ದಿನ ಬೀದಿಯೆಲ್ಲ ಹೋಳೇ. ಎಲ್ಲರದೂ ಅಂದರೆ ಯಾರದೂ ಅಲ್ಲ ಎಂದಾಯಿತು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಹೇಳುತ್ತೇನೆ. ರಾಜ್ಯೋತ್ಸವಕ್ಕೆ ನಮ್ಮ ಬೀದಿಯವರು ಪೆಂಡಾಲು ಹಾಕಿ ನನಗೆ ಶಾಲು ಹೊದಿಸಿದರು, ಪೇಟ ಇಟ್ಟರು. ಬೇಡ ಎಂದೆ, ನಿಜ. ಎರಡು ಸಲ ಬೇಡ ಎಂದೆ. ಮೂರನೆಯ ಸಲ ಹತ್ತಿ ನಿಂತೆ. ಶಾಲು ಹೊದಿಸಿದವರು ಯಾರು? ಮೂರ್ತಿಗಳೇ. ಆಮೇಲೆ ಜನಕ್ಕೆ ಒಂದಿಷ್ಟು ತಿಳಿಸಿಕೊಡಿ ಗೌಡ್ರೇ ಎಂದು ಮೈಕು ಕೊಟ್ಟರು. ಒಬ್ಬರ ತೋಳು ಹಿಡಿದು, ಹೀಗೆ ಬಟ್ಟೆ ಇಡಬೇಕು, ಹೀಗೆ ಒತ್ತಬೇಕು, ಏನೇ ಆದರೂ ಕೈ ತೆಗೆಯಬಾರದು ಎಂದು ಹೇಳಿಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ಜಯಮ್ಮ ಹೆಂಗಸರ ಸಾಲಿನಿಂದ ಎದ್ದು ಮನೆಗೆ ಹೋಗಿಬಿಟ್ಟಳು.

ಅವಳು ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದಳು, "ಹೇಳ್ಬಿಡಬಾರ್ದಾ ಅವರಿಗೆ?" ಎಂದು. ನಾನು ಏನೆಂದೆ ಗೊತ್ತೇ? "ನೀನು ಗಟ್ಟಿಯಾಗಿ ಹಿಡ್ಕೊಂಡಿದ್ದಿದ್ರೆ ಹೇಳೋ ಪ್ರಮೇಯಾನೇ ಬರ್ತಿರ್ಲಿಲ್ಲ." ಅವಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಪಾಪದ ಗಂಟನ್ನು ಅವಳ ತಲೆಯ ಮೇಲೂ ಇಟ್ಟೆ. ಅವಳು ಕಾಫಿಪುಡಿಗೆ ಓಡಿದ್ದು ತಿಳಿಯದೆ. ನಾನು ಎದ್ದದ್ದು ತಿಳಿದೇ. ಈ ಮಾತನ್ನು ಅವಳಿಗೆ ಹೇಳಿದ್ದು ಇತ್ತೀಚೆಗೆ, ಬಹಳ ತಡವಾಗಿ.

ಅಷ್ಟು ಹೊತ್ತು ಕೈ ತೆಗೆಯದಿದ್ದರೆ ಉಳಿಯುತ್ತಿದ್ದರೇ? ಇದೊಂದೇ ಪ್ರಶ್ನೆ. ಬೇರೆ ಕಡೆಯ ಡಾಕ್ಟರೊಬ್ಬರ ಹತ್ತಿರ ಮೈಕೈ ನೋವಿನ ನೆಪದಲ್ಲಿ ಹೋಗಿ, ಯಾರದೋ ಕಥೆಯ ಹಾಗೆ ಕೇಳಿದೆ. ಅವರು, "ಹೇಳಕ್ಕಾಗಲ್ಲ. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು" ಎಂದರು. ಖಂಡಿತ ಉಳಿಯುತ್ತಿದ್ದರು ಎಂದಿದ್ದರೆ ಅತ್ತಾದರೂ ಮುಗಿಸುತ್ತಿದ್ದೆನೋ ಏನೋ. ಹೇಳಕ್ಕಾಗಲ್ಲ ಎಂದರೆ ನಾನು ಏನು ಮಾಡಬೇಕು? ಯಾವ ದೇವರ ಮುಂದೆ ನಿಂತರೂ ಕೇಳಿಕೊಳ್ಳಲು ಸರಿಯಾದ ಮಾತೇ ಸಿಗುವುದಿಲ್ಲ.

ಮೂರ್ತಿಗಳು ಪ್ರತಿ ವರ್ಷ ವಿಜಯದಶಮಿಯ ಬೆಳಿಗ್ಗೆ ಅಂಗಡಿಗೆ ಬರುತ್ತಾರೆ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಕುರ್ಚಿಯ ಮೇಲೆ ಕೂತು, ಕಟಿಂಗ್ ಮಿಷನ್ನಿನ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಇರುತ್ತಾರೆ. "ನೀವೊಬ್ರು ಅವಳ ಜೊತೆ ಇದ್ರಿ ಗೌಡ್ರೇ, ಅಷ್ಟು ಸಾಕು" ಎನ್ನುತ್ತಾರೆ. ಆ ಪೊಟ್ಟಣವನ್ನು ನಾವು ಬಿಚ್ಚುವುದೇ ಇಲ್ಲ. ಕೆಲಸದವರಿಗೆ ಕೊಟ್ಟುಬಿಡುತ್ತೇವೆ.

ಈ ವರ್ಷವೂ ಬಂದರು. ಬಹಳ ಇಳಿದುಹೋಗಿದ್ದರು. ಆರೋಗ್ಯ ಹೇಗಿದೆ ಎಂದು ನಾನು ಕೇಳಿದ್ದಕ್ಕೆ, ಏನೋ ಕಟ್ಟೆಯೊಡೆದ ಹಾಗೆ ಮಾತಾಡಿದರು. "ನಾನೇ ಕೊಂದೆ ಅವಳನ್ನ. ರಾಹುಕಾಲ ಬರೋದ್ರೊಳಗೆ ಗಾಡಿ ಪೂಜೆ ಆಗ್ಬೇಕು ಅಂತ ಫೋನ್ ಮೇಲೆ ಫೋನ್ ಮಾಡ್ದೆ. ಬೇಗ ಬಾ, ಬೇಗ ಬಾ ಅಂದೆ. ಜೋರಾಗ್ ಬಂದ್ಲು, ಜಾರಿದ್ಲು. ನನ್ ಮಗಳೂ ಅದನ್ನೇ ಅಂದ್ಲು, ಅಪ್ಪಾ ನೀನ್ ಫೋನ್ ಮಾಡ್ದೇ ಇದ್ದಿದ್ರೆ ಅಂತ. ಅವತ್ತಿಂದ ಹಬ್ಬಕ್ಕೆ ಬರಲ್ಲ ಅವಳು. ಫೋನಲ್ಲಿ ಹೇಗಿದೀಯ ಅಂತಾಳೆ, ಚೆನ್ನಾಗಿದೀನಿ ಅಂತೀನಿ, ಮುಗೀತು. ತಪ್ಪೇನಿಲ್ಲ ಬಿಡಿ ಅವಳದು."

ನಾನು ಶಾಲು ಹೊದ್ದು ಮೆರೆಯುತ್ತಿದ್ದಾಗ ಆ ಮನೆಯಲ್ಲಿ ಇದು ನಡೆಯುತ್ತಿತ್ತು. ನನ್ನ ಅಪರಾಧವನ್ನು ಈ ಮನುಷ್ಯ ಹೊತ್ತುಕೊಂಡಿದ್ದರು, ಸಾಲದ್ದಕ್ಕೆ ನನಗೇ ಸಿಹಿ ತಂದುಕೊಡುತ್ತಿದ್ದರು. ಆಗಲಾದರೂ ಹೇಳಿದೆನೇ? ಇಲ್ಲ. "ಹಾಗೆಲ್ಲ ಅನ್ಬೇಡಿ ಸಾರ್" ಎಂದೆ. ಅವರು ಎದ್ದು ಹೋದರು. ಪೊಟ್ಟಣ ಮೇಜಿನ ಮೇಲೆ ಕೂತಿತ್ತು. ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ಕೆಲವು ದಿನ ಬಿಟ್ಟು ಅವರ ಮನೆಗೆ ಹೋದೆ. ಬೆಳಗಿನ ಹೊತ್ತು, ಜಗಲಿಯಲ್ಲಿ ಪೇಪರು ಓದುತ್ತಿದ್ದರು. "ಏನ್ ಗೌಡ್ರೇ, ಬನ್ನಿ ಬನ್ನಿ, ಅಪರೂಪ" ಎಂದರು. ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಕಾಯಿ ನನ್ನದು ಎಂದೆ. ಹೆಂಡತಿ ತಳ್ಳು ಎಂದರೂ ತಳ್ಳಲಿಲ್ಲ ಎಂದೆ. ರಕ್ತ ನಿಂತಿತ್ತು, ನಾನೇ ಕೈ ತೆಗೆದು ಎದ್ದೆ, ಹೋಳು ಬಚ್ಚಿಡಲು ಹೋದೆ ಎಂದೆ. "ನಿಮ್ಮ ಫೋನಿಂದ ಅಲ್ಲ ಸಾರ್. ಬೇಗ ಬಂದಿದ್ರೂ ರಸ್ತೇಲಿ ನನ್ ಕಾಯಿ ಇಲ್ದೇ ಇದ್ದಿದ್ರೆ ಮನೆ ಸೇರ್ತಿದ್ರು. ನಿಮ್ಮ ಮಗಳಿಗೆ ನಾನೇ ಹೇಳ್ತೀನಿ. ಸ್ಟೇಷನ್ನಿಗೆ ಬಾ ಅಂದ್ರೂ ಬರ್ತೀನಿ," ಎಂದೆ. ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿ ಎಂದುಕೊಂಡಿದ್ದೆ.

ಅವರು ಪೇಪರು ಮಡಚಿದರು. ಬಹಳ ಹೊತ್ತು ಅದನ್ನು ಇನ್ನೂ ಇನ್ನೂ ಚಿಕ್ಕದಾಗಿ ಮಡಚಿದರು. ಕಾಯಿಯ ವಿಷಯ ಕೇಳಲಿಲ್ಲ, ಫೋನಿನ ವಿಷಯ ಕೇಳಲಿಲ್ಲ.

"ನಮ್ಮನೆಯವ್ರು ಬಂದ್ರಾ ಅಂತ ಕೇಳಿದ್ಲು ಅಂದಿದ್ರಲ್ಲ. ಅದು?"

ಅದು ನಿಜ ಎಂದುಬಿಡಬಹುದಿತ್ತು. ಆ ಒಂದು ಮಾತನ್ನಾದರೂ ಅವರಿಗೆ ಬಿಟ್ಟುಕೊಡಬಹುದಿತ್ತು. ಯಾವುದು ದಯೆ, ಯಾವುದು ಹೇಡಿತನ ಎಂದು ನನಗೆ ಈಗ ಗೊತ್ತಾಗುವುದಿಲ್ಲ. "ಅದೂ ಸುಳ್ಳು ಸಾರ್," ಎಂದೆ.

"ಮತ್ತೇನಂದ್ಲು?"

"ಗೌಡ್ರೇ, ಎಲ್ಲಿಗ್ ಹೋಗ್ತಿದೀರಾ ಅಂದ್ರು."

ಮೂರ್ತಿಗಳು ನನ್ನನ್ನು ನೋಡಿದರು. ತುಟಿಯಲ್ಲೇ ಅದನ್ನು ಒಮ್ಮೆ ಹೇಳಿಕೊಂಡರು. "ಹಾಂ," ಎಂದರು. "ಇದು ಅವಳೇ. ನಾನ್ ನೀರು ಕುಡಿಯಕ್ಕೆ ಎದ್ರೂ ಕೇಳೋಳು, ಎಲ್ಲಿಗ್ ಹೋಗ್ತಿದೀರಾ ಅಂತ. ಸಾಕಾಗಿ ಬೈದಿದೀನಿ ಎಷ್ಟೋ ಸಲ." ಆಮೇಲೆ ಅತ್ತರು. ಆಸ್ಪತ್ರೆಯಲ್ಲೂ ಅವರು ಹೀಗೆ ಅತ್ತಿರಲಿಲ್ಲ. ಪೇಪರನ್ನು ಮುಖಕ್ಕೆ ಒತ್ತಿಕೊಂಡು, ಮಕ್ಕಳ ಹಾಗೆ ಅತ್ತರು. ನಾನು ಎದುರಿಗೆ ನಿಂತಿದ್ದೆ. ಹೆಗಲ ಮೇಲೆ ಕೈ ಇಡಬೇಕೆನ್ನಿಸಿತು, ಇಡಲು ಧೈರ್ಯ ಬರಲಿಲ್ಲ. ಹೊರಟುಹೋಗಲೂ ಆಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಕೇಳಿದರು. "ಅದಕ್ಕೆ ನೀವೇನಂದ್ರಿ?"

ಇದನ್ನು ನಾನು ಜಯಮ್ಮನಿಗೂ ಹೇಳಿರಲಿಲ್ಲ.

"'ಇಲ್ಲೇ, ಬಂದೆ' ಅಂದೆ ಸಾರ್."

"ಹಾಗಾದ್ರೆ ಕಾಯ್ತಾ ಇದ್ಲು," ಎಂದರು.

ಹೌದು ಎಂದೆ.